ಮಗ್ಗಿಗೆ ಸಿಗದ ನಲವತ್ತಾರು

ಕಳೆದ ತಿಂಗಳು ನಮ್ಮ ಕಂಪನಿಗೆ ಹೊಸಬರನ್ನು ತೆಗೆದುಕೊಳ್ಳುವ ಇಂಟರ್‌ವ್ಯೂ ನಡೆಯಿತು. ಈಗೆಲ್ಲ ಲ್ಯಾಪ್‌ಟಾಪಿನಲ್ಲೇ ಮುಗಿಯುತ್ತದೆ. ಒಬ್ಬೊಬ್ಬರಾಗಿ ಪರದೆಯ ಮೇಲೆ ಬರುತ್ತಾರೆ, ಹಿಂದೆ ದೇವರ ಫೋಟೋ, ಬೀರು, ಒಮ್ಮೊಮ್ಮೆ ಸದ್ದಿಲ್ಲದೆ ದಾಟಿಹೋಗುವ ಅಮ್ಮ. ಕೇಳುವ ಪ್ರಶ್ನೆಗಳೂ ಸವೆದವು. ಅದರಲ್ಲೂ ಸವೆದದ್ದು ಇದು: ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಹೇಳುವ ಪ್ರೋಗ್ರಾಂ ಬರೆಯಿರಿ.

ಜಿಲ್ಲಾ ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ ಪೈಥಾನ್‌ನಲ್ಲಿ ಒಂದೇ ಉಸಿರಿಗೆ ಐದಾರು ಸಾಲು ಬರೆದಳು. ಸಂಖ್ಯೆ ಎರಡಕ್ಕಿಂತ ಕಡಿಮೆ ಇದ್ದರೆ ಅಲ್ಲ ಅನ್ನು. ಎರಡರಿಂದ ಹಿಡಿದು ಆ ಸಂಖ್ಯೆಯ ವರ್ಗಮೂಲದವರೆಗೆ ಒಂದೊಂದರಿಂದಲೂ ಭಾಗಿಸು. ಶೇಷ ಸೊನ್ನೆ ಬಂದ ಕೂಡಲೇ ಅಲ್ಲ ಅನ್ನು. ಕೊನೆಯವರೆಗೂ ಬರದಿದ್ದರೆ ಹೌದು ಅನ್ನು. ತಪ್ಪಿಲ್ಲ. "ವರ್ಗಮೂಲಕ್ಕೇ ಯಾಕೆ ನಿಲ್ಲಿಸಿದಿರಿ?" ಅಂದೆ.

"ಅದು ಹಾಗೇ ಮೇಡಂ. ಎನ್‌ವರೆಗೂ ಹೋದ್ರೆ ಬ್ರೂಟ್ ಫೋರ್ಸ್ ಅಂತಾರೆ. ರೂಟ್‌ವರೆಗೆ ಹೋದ್ರೆ ಆಪ್ಟಿಮೈಸ್ಡ್."

ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಪೂರ್ತಿ ಅಂಕ ಹಾಕಿದ. ನನ್ನದೂ ತಕರಾರಿರಲಿಲ್ಲ, ಹುಡುಗಿ ಚುರುಕಾಗಿದ್ದಳು, ಆಯ್ಕೆಯೂ ಆದಳು. ಆದರೆ ಆ 'ಅದು ಹಾಗೇ' ಅನ್ನುವ ಮಾತನ್ನು ನಾನು ಮೂವತ್ತು ವರ್ಷಕ್ಕೂ ಹಿಂದೆ ಬೇರೊಂದು ಕೋಣೆಯಲ್ಲಿ, ಬೇರೆ ಬಾಯಲ್ಲಿ ಕೇಳಿದ್ದೆ.

ಅದು ಪ್ಯಾಸೆಂಜರ್ ರೈಲು ನಿಂತು, ಎಕ್ಸ್‌ಪ್ರೆಸ್ ಶಿಳ್ಳೆ ಹಾಕಿ ಹೋಗುವ ಊರು. ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟು. ಅದರ ಮಾಲೀಕರು ತಾಲ್ಲೂಕಿನ ಅರ್ಧ ಗುಮಾಸ್ತರ ಬೆರಳುಗಳನ್ನು ತಿದ್ದಿದವರು. 1990ರ ಆಸುಪಾಸು, ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗುತ್ತಾರೆಂಬ ವಾಸನೆ ಹತ್ತಿ, ಬೆಂಗಳೂರಿನ ಒಂದು ಸಂಸ್ಥೆಗೆ ದುಡ್ಡು ಕಟ್ಟಿ ಅದರ ಬೋರ್ಡು ತಂದು ಹಾಕಿದರು. ಒಳಕೋಣೆಗೆ ಏಸಿ ಬಂತು, ಪರದೆ ಬಂತು, ಎರಡು ಕಂಪ್ಯೂಟರ್ ಬಂದವು. ಚಪ್ಪಲಿ ಹೊರಗೆ. ಹೊರಗಿನ ಹಾಲಿನಲ್ಲಿ ಟೈಪ್‌ರೈಟರುಗಳ ಟಕಟಕ, ಒಳಗೆ ಕತ್ತಲೆಯಲ್ಲಿ ಹಸಿರು ಅಕ್ಷರ. ಬಿ.ಎಸ್ಸಿ. ಮುಗಿಸಿ ಒಂದು ಡಿಪ್ಲೊಮಾ ಮಾಡಿಕೊಂಡಿದ್ದ ನಾನು ಅಲ್ಲಿ 'ಕಂಪ್ಯೂಟರ್ ಮೇಡಂ' ಆದೆ. ನನ್ನ ಸಂಬಳಕ್ಕಿಂತ ಆ ಏಸಿಯ ಕರೆಂಟು ಬಿಲ್ಲಿನ ಚಿಂತೆಯೇ ಮಾಲೀಕರಿಗೆ ಹೆಚ್ಚಿತ್ತು, ಪಾಪ.

ಕಲಿಸುತ್ತಿದ್ದದ್ದು ಡಾಸ್, ವರ್ಡ್‌ಸ್ಟಾರ್, ಮತ್ತು ಜಿಡಬ್ಲ್ಯೂ ಬೇಸಿಕ್. ಬೆಂಗಳೂರಿನಿಂದ ಬಂದ ಮ್ಯಾನ್ಯುಯಲ್‌ನಲ್ಲಿ ಇಂತಿಷ್ಟು ಪ್ರೋಗ್ರಾಂ ಎಂದು ಕೊಟ್ಟಿದ್ದರು, ಅಷ್ಟನ್ನು ರೆಕಾರ್ಡ್ ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿದರೆ ಪರೀಕ್ಷೆಗೆ ಕೂರಬಹುದು. ಅದರಲ್ಲಿ 'ಪ್ರೈಮ್ ಪ್ರೋಗ್ರಾಂ' ಎಲ್ಲರಿಗೂ ಬಾಯಿಪಾಠ. ಬೆಳಗಿನ ಬ್ಯಾಚಿನವರು ಮೆಟ್ಟಿಲ ಮೇಲೆ ಕೂತು ರಾಗವಾಗಿ ಹೇಳಿಕೊಳ್ಳುತ್ತಿದ್ದರು: "ಟೆನ್ ಇನ್‌ಪುಟ್ ಎನ್. ಟ್ವೆಂಟಿ ಫಾರ್ ಐ ಈಕ್ವಲ್ ಟು ಟೂ ಟು ಎನ್ ಮೈನಸ್ ಒನ್. ಥರ್ಟಿ ಇಫ್ ಎನ್ ಮಾಡ್ ಐ ಈಕ್ವಲ್ ಟು ಝೀರೋ ದೆನ್ ಸಿಕ್ಸ್ಟಿ. ಫಾರ್ಟಿ ನೆಕ್ಸ್ಟ್ ಐ. ಫಿಫ್ಟಿ ಪ್ರಿಂಟ್ ಪ್ರೈಮ್, ಎಂಡ್. ಸಿಕ್ಸ್ಟಿ ಪ್ರಿಂಟ್ ನಾಟ್ ಪ್ರೈಮ್." ಅರ್ಥ ಕೇಳಿದರೆ, "ಅದು ಹಾಗೇ ಮೇಡಂ."

ಕಂಪ್ಯೂಟರ್ ಬಂದ ಮೇಲೆ ಉರು ಹೊಡೆಯುವ ಕಾಲ ಮುಗಿಯಿತು ಎಂದು ಆಗ ಪತ್ರಿಕೆಗಳಲ್ಲಿ ಬರೆಯುತ್ತಿದ್ದರು. ನನಗೆ ಮೆಟ್ಟಿಲ ಮೇಲಿನ ಆ ರಾಗ ಕೇಳಿದಾಗೆಲ್ಲ ನಮ್ಮ ಹಳ್ಳಿಯ ಶಾಲೆಯ ಸಂಜೆ ನೆನಪಾಗುತ್ತಿತ್ತು. ಬಿಡುವ ಗಂಟೆಗೆ ಮುಂಚೆ ಮಗ್ಗಿ. ಒಬ್ಬ ಹೇಳಿಕೊಡುವುದು, ಉಳಿದವರು ಕೂಗುವುದು. "ಹದಿಮೂರೇಳ್ಲ ತೊಂಬತ್ತೊಂದು", "ಹದಿನೇಳೇಳ್ಲ ನೂರಾ ಹತ್ತೊಂಬತ್ತು". ಇಪ್ಪತ್ತರ ಮಗ್ಗಿ ಮುಗಿಸಿದ ಮೇಲೇ ಮನೆ.

ನಮ್ಮ ಮೇಷ್ಟ್ರು ಒಂದು ಆಟ ಆಡಿಸುತ್ತಿದ್ದರು. ಸ್ಲೇಟಿನ ಮೇಲೆ ಒಂದರಿಂದ ನೂರರವರೆಗೆ ಬರೆಯಬೇಕು. ಎರಡರಿಂದ ಮುಂದಿನ ಪ್ರತಿ ಮಗ್ಗಿಯ ಮೊದಲನೇ ಸಾಲು ಬಿಟ್ಟು, ಎರಡನೇ ಸಾಲಿನಿಂದ ಮಗ್ಗಿ ಹೇಳುತ್ತಾ, ಬಂದ ಉತ್ತರವನ್ನೆಲ್ಲ ಎಂಜಲು ಬೆರಳಿನಿಂದ ಒರೆಸಬೇಕು. ಕೊನೆಗೆ ಉಳಿದವು 'ಯಾರ ಮನೆಗೂ ಸೇರದ ಸಂಖ್ಯೆಗಳು'. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ, ಭೂಮಿಯ ಸುತ್ತಳತೆಯನ್ನೂ ಲೆಕ್ಕ ಹಾಕಿದ ಎರಾಟೊಸ್ತನೀಸ್ ಹೇಳಿಕೊಟ್ಟ ಜರಡಿ ಇದೇ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಮೇಷ್ಟ್ರಿಗೆ ಆ ಹೆಸರು ಗೊತ್ತಿತ್ತೋ ಇಲ್ಲವೋ, ಅವರು ಎಂದೂ ಹೇಳಲಿಲ್ಲ.

ಒರೆಸಿ ಮುಗಿದ ಮೇಲೆ ಸ್ಲೇಟಿನಲ್ಲಿ 23, 29, 31, 37 ಎಲ್ಲ ಉಳಿದಿರುತ್ತಿದ್ದವು, ಸರಿಯೇ. ಆದರೆ 46 ಕೂಡ ಉಳಿದಿರುತ್ತಿತ್ತು. ನಲವತ್ತಾರು ಸರಿಸಂಖ್ಯೆ, ಎರಡರಲ್ಲಿ ಹೋಗುತ್ತದೆ, ಆದರೂ ನಮ್ಮ ಮಗ್ಗಿ ಪುಸ್ತಕದಲ್ಲಿ ಎಲ್ಲೂ ಇಲ್ಲ. ಎರಡರ ಮಗ್ಗಿ ಇಪ್ಪತ್ತಕ್ಕೇ ನಿಲ್ಲುತ್ತದೆ. ಇಪ್ಪತ್ಮೂರರ ಮಗ್ಗಿ ಪುಸ್ತಕದಲ್ಲೇ ಇಲ್ಲ. ಹೀಗೆ ನುಸುಳಿ ಉಳಿಯುವವು ನೂರರೊಳಗೆ ಹನ್ನೊಂದು: 46, 58, 62, 69, 74, 82, 86, 87, 92, 93, 94. ಮೇಷ್ಟ್ರು ಬೇಕೆಂದೇ ಸುಮ್ಮನಿರುತ್ತಿದ್ದರು. ಯಾರಾದರೂ "ಸಾ, ನಲವತ್ತಾರು?" ಎಂದು ಕೇಳುವವರೆಗೂ ಬಿಡುತ್ತಿರಲಿಲ್ಲ. ಕೇಳಿದ ಮೇಲೆ, "ಪುಸ್ತಕ ಮುಗೀತು ಅಂತ ಲೆಕ್ಕ ಮುಗೀತೇನೋ?" ಅನ್ನುತ್ತಿದ್ದರು.

ಸ್ಲೇಟಿನಲ್ಲಿ ಒಂದೂ ಉಳಿದಿರುತ್ತಿತ್ತು. ಅದನ್ನು ಮಾತ್ರ ಅವರು ಏನೂ ಹೇಳದೆ ತಾವೇ ಒರೆಸಿಬಿಡುತ್ತಿದ್ದರು.

ಈ ಮೇಷ್ಟ್ರನ್ನು ಇಲ್ಲಿಗೇ ನಿಲ್ಲಿಸಿ ದೇವರು ಮಾಡಿಬಿಡಬಹುದು. ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹಾಗೇ ಮಾಡಿಟ್ಟಿದ್ದಾರೆ. ತಿಂಗಳಿಗೊಮ್ಮೆ 'ನಮ್ಮ ಕಾಲದ ಮಗ್ಗಿ' ಎಂದು ಯಾರಾದರೂ ಕಣ್ಣೀರು ಹಾಕುತ್ತಾರೆ. ಮಗ್ಗಿಯಿಂದ ನನಗೆ ಸಿಕ್ಕದ್ದು ಸಣ್ಣದಲ್ಲ. 91 ನೋಡಿದರೆ ಅವಿಭಾಜ್ಯದಂತೆ ಕಾಣುವ ಮೋಸಗಾರ. ನನ್ನ ಕಿವಿ ಅದನ್ನು ಕ್ಷಣದಲ್ಲಿ ಹಿಡಿಯುತ್ತದೆ. 119, 133ನ್ನೂ ಹಿಡಿಯುತ್ತದೆ. ಆದರೆ ಅದೇ ಸಾಲಿನಲ್ಲಿ ಹದಿನೇಳರ ಮಗ್ಗಿಯಲ್ಲಿ ಸಿಕ್ಕಿಕೊಂಡ ಹುಡುಗನೊಬ್ಬನಿದ್ದ. ದಿನಾ ಅಲ್ಲೇ ತಡವರಿಸುತ್ತಿದ್ದ, ದಿನಾ ಬೆರಳ ಗಂಟಿನ ಮೇಲೆ ರೂಲುದೊಣ್ಣೆ ಬೀಳುತ್ತಿತ್ತು. ಒಂದು ಮಳೆಗಾಲ ಅವನು ಶಾಲೆಗೆ ಬರಲೇ ಇಲ್ಲ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ. ಗುಂಪಿನಲ್ಲಿ ಅವನ ನಂಬರಿಲ್ಲ. ನಲವತ್ತಾರರ ಪ್ರಶ್ನೆ ಕೇಳಲು ಕಾದ ಮನುಷ್ಯನೇ ಆ ಹೊಡೆತವನ್ನೂ ಕೊಟ್ಟದ್ದು. ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಬೇಕು, ಬೇರೆ ದಾರಿ ಕಾಣುವುದಿಲ್ಲ.

ಒಳಕೋಣೆಗೆ ಬರುತ್ತೇನೆ. ಒಂದು ಗಂಟೆಯ ಪಾಳಿ, ಒಂದು ಮೆಷಿನ್‌ಗೆ ಇಬ್ಬರು. ಒಬ್ಬರು ಒತ್ತುವಾಗ ಇನ್ನೊಬ್ಬರು ನೋಡಬೇಕು. ನಡುವೆ ಕರೆಂಟು ಹೋದರೆ ಆ ಗಂಟೆ ಗೋವಿಂದ. ಆ ಬೇಸಿಕ್‌ನಲ್ಲಿ ಶೇಷ ತೆಗೆಯುವ ಮಾಡ್‌ಗೆ 32767ರ ಗಡಿಯಿತ್ತು, ದಾಟಿದರೆ 'ಓವರ್‌ಫ್ಲೋ' ಎಂದು ಹೊಡೆದುಕೊಳ್ಳುತ್ತಿತ್ತು. ಆ ಗಡಿಯೊಳಗಿನ ಅತಿ ದೊಡ್ಡ ಅವಿಭಾಜ್ಯ 32749. ಅದನ್ನು ನಾನು ಬೇಕೆಂದೇ ಕೊಡುತ್ತಿದ್ದೆ. ಎರಡರಿಂದ 32748ರವರೆಗೆ ಒಂದೊಂದನ್ನೂ ಆ ಮೆಷಿನ್ ಕೇಳಿಕೊಂಡು ಬರಬೇಕು: 32,747 ಸಲ ಭಾಗಾಕಾರ. ಪರದೆಯ ಮೇಲೆ ಏನೂ ಇಲ್ಲ. ಕೆಲವರು ಕಂಪ್ಯೂಟರ್ ಕೆಟ್ಟಿತೆಂದು ಹೆದರಿ ಎದ್ದು ನಿಲ್ಲುತ್ತಿದ್ದರು.

ಬೆಳಗಿನ ಬ್ಯಾಚಿನಲ್ಲಿ ಒಬ್ಬ ಹುಡುಗಿಯಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿ, ಸಪ್ಲಿಮೆಂಟರಿಯಲ್ಲಿ ಕಟ್ಟಿ ಪಾಸಾದವಳು. ಅಪ್ಪ ಕೋರ್ಟಿನ ಮುಂದೆ ಅರ್ಜಿ ಬರೆಯುತ್ತಿದ್ದರು. ಅವಳು ಟೈಪಿಂಗ್ ಕಲಿಯಲಿ ಎಂದು ಸೇರಿಸಿದ್ದು, ಮಾಲೀಕರು ರಿಯಾಯಿತಿ ತೋರಿಸಿ ಕಂಪ್ಯೂಟರಿಗೂ ಎಳೆದಿದ್ದರು. ಮಾತು ಒರಟು. ಅವತ್ತು ಅವಳ ಜೊತೆಗಾತಿ 32749 ಕೊಟ್ಟು ಕೂತಿದ್ದಳು, ಗಂಟೆ ಮುಗಿಯುತ್ತಾ ಬಂದಿತ್ತು, ಇವಳ ಸರದಿ ಬರುವ ಸೂಚನೆಯಿರಲಿಲ್ಲ.

"ಇದು ಅಷ್ಟು ದೂರ ಯಾಕೆ ಹೋಗ್ಬೇಕು ಮೇಡಂ? ಅರ್ಧಕ್ಕೆ ನಿಲ್ಸಿದ್ರೆ ಸಾಲ್ದಾ? ಅರ್ಧ ದಾಟಿದ್ಮೇಲೆ ಯಾವ್ದರಲ್ಲಿ ಹೋಗುತ್ತೆ?"

ಗಣಿತದ ಕುತೂಹಲವಲ್ಲ ಅದು, ಕಟ್ಟಿದ ಫೀಸಿನ ಸಂಕಟ. ಆದರೆ ಪ್ರಶ್ನೆ ಸರಿಯಾದದ್ದು. ಹೊರಗಿನ ಹಾಲಿನ ಬೋರ್ಡಿನ ಮುಂದೆ ಅವಳನ್ನು ನಿಲ್ಲಿಸಿಕೊಂಡು 97 ಎಂದು ಬರೆದೆ.

ಎರಡರಲ್ಲಿ ಹೋಗುತ್ತಾ? ಇಲ್ಲ. ಹಾಗಾದರೆ 97 ಎರಡು ಸಂಖ್ಯೆಗಳ ಗುಣಾಕಾರವೇ ಆಗಿದ್ದರೆ ಅದರಲ್ಲಿ ಚಿಕ್ಕದು ಕಡಿಮೆಯೆಂದರೆ ಮೂರು. ಚಿಕ್ಕದೇ ಮೂರಾದ ಮೇಲೆ ದೊಡ್ಡದು 32 ದಾಟುವಂತಿಲ್ಲ. ಅರ್ಧವಲ್ಲ, ಮೂರನೇ ಒಂದು ಪಾಲಿಗೇ ನಿಲ್ಲಬಹುದು. ಮೂರರಲ್ಲಿ ಹೋಗುತ್ತಾ? ಇಲ್ಲ. ನಾಲ್ಕನ್ನು ಕೇಳುವುದೇ ಬೇಡ, ಎರಡರಲ್ಲೇ ಹೋಗದ್ದು ನಾಲ್ಕರಲ್ಲಿ ಹೋಗುವುದಿಲ್ಲ. ಇನ್ನು ಚಿಕ್ಕದು ಐದಾಗಬೇಕು, ದೊಡ್ಡದು 19ರ ಒಳಗೆ. ಐದರಲ್ಲಿ ಇಲ್ಲ. ಏಳಾದರೆ ದೊಡ್ಡದು 13ರ ಒಳಗೆ. ಏಳರಲ್ಲೂ ಇಲ್ಲ. ಮುಂದೆ ಹನ್ನೊಂದು. ಚಿಕ್ಕದು ಹನ್ನೊಂದಾದರೆ ದೊಡ್ಡದು ಎಂಟರ ಒಳಗಿರಬೇಕು.

"ದೊಡ್ಡದು ಚಿಕ್ಕದಕ್ಕಿಂತ ಚಿಕ್ಕದಾಗೋಯ್ತಲ್ಲ!" ಎಂದಳು.

ಅಷ್ಟೇ. ಕೆಳಗಿನದು ಏರುತ್ತಾ, ಮೇಲಿನದು ಇಳಿಯುತ್ತಾ, ಎರಡೂ ಒಂದನ್ನೊಂದು ದಾಟುವ ಜಾಗವೇ ವರ್ಗಮೂಲ. 2, 3, 5, 7 ಕೇಳಿದರೆ 97ರ ಕಥೆ ಮುಗಿಯಿತು. ಇಪ್ಪತ್ತನೇ ಸಾಲಿನಲ್ಲಿ 'ಎನ್ ಮೈನಸ್ ಒನ್' ಅಳಿಸಿ 'ಎಸ್‌ಕ್ಯೂಆರ್ ಎನ್' ಎಂದು ಹಾಕಿಸಿದೆ. 32749ಕ್ಕೆ ಈಗ 180ರವರೆಗೆ ನೋಡಿದರೆ ಸಾಕು, ಏಕೆಂದರೆ 181ರ ವರ್ಗ 32761, ಅದು ಆಗಲೇ ಹೆಚ್ಚು. 32,747 ಭಾಗಾಕಾರ ಇದ್ದದ್ದು 179ಕ್ಕೆ ಇಳಿಯಿತು. ಎಂಟರ್ ಒತ್ತಿ ತಲೆ ಎತ್ತುವಷ್ಟರಲ್ಲಿ 'ಪ್ರೈಮ್' ಎಂದು ಬಂತು. ಅವಳಿಗೆ ಖುಷಿಗಿಂತ ಸಿಟ್ಟೇ ಬಂದಂತಿತ್ತು. "ಇಷ್ಟು ದಿನ ಸುಮ್ನೆ ಕಾಯಿಸಿದ್ರಲ್ಲ!"

ಆಮೇಲೆ ಅವಳಿಗೆ ಪ್ರೋಗ್ರಾಮನ್ನು ಕೆಣಕುವುದೇ ಕೆಲಸವಾಯಿತು. ಒಂದು ದಿನ ಎನ್‌ಗೆ 1 ಎಂದು ಕೊಟ್ಟಳು. ಎರಡರಿಂದ ಶುರುವಾಗಬೇಕಾದ ಸುತ್ತು ಶುರುವೇ ಆಗದೆ ನೇರ ಐವತ್ತನೇ ಸಾಲಿಗೆ ಜಾರಿ, ಒಂದು ಅವಿಭಾಜ್ಯ ಎಂದು ಮೆಷಿನ್ ಘೋಷಿಸಿತು. ಮ್ಯಾನ್ಯುಯಲ್‌ನ ಪ್ರೋಗ್ರಾಮಿನಲ್ಲಿ ಮೊದಲಿಂದಲೂ ಇದ್ದ ತೂತು ಅದು. ಮೇಷ್ಟ್ರು ಏನೂ ಹೇಳದೆ ಒರೆಸಿದ್ದ ಒಂದು ಹೀಗೆ ಎದುರಾಯಿತು. ಒಂದನ್ನು ಅವಿಭಾಜ್ಯವೆಂದು ಎಣಿಸದಿರುವುದಕ್ಕೆ ಕಾರಣ ಇಷ್ಟೇ: 12 ಅಂದರೆ ಎರಡು ಎರಡ್ಲ ನಾಲ್ಕು, ಅದರ ಮೂರರಷ್ಟು, ಒಡೆಯುವುದು ಈ ಒಂದೇ ರೀತಿಯಲ್ಲಿ. ಒಂದನ್ನೂ ಅವಿಭಾಜ್ಯವೆಂದು ಒಳಗೆ ಬಿಟ್ಟರೆ ಹಿಂದೆ ಎಷ್ಟು ಒಂದು ಬೇಕಾದರೂ ಅಂಟಿಸಬಹುದು, 'ಒಂದೇ ರೀತಿ' ಎಂಬ ಮಾತೇ ಬೀಳುತ್ತದೆ. ಹಾಗಾಗಿ ಹೊರಗಿಟ್ಟಿದ್ದಾರೆ. ಇದು ಸೃಷ್ಟಿಯ ನಿಯಮವಲ್ಲ, ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. 1914ರಲ್ಲಿ ಅಮೆರಿಕದ ಡಿ. ಎನ್. ಲೆಹ್ಮರ್ ಕೋಟಿ ದಾಟುವವರೆಗಿನ ಅವಿಭಾಜ್ಯಗಳ ಪಟ್ಟಿ ಅಚ್ಚು ಹಾಕಿಸಿದಾಗ ಅದು ಒಂದರಿಂದಲೇ ಶುರುವಾಗಿತ್ತು.

ಪರೀಕ್ಷೆಗೆ ಬೆಂಗಳೂರಿನಿಂದ ಒಬ್ಬರು ಬಂದರು. ಟೈ ಕಟ್ಟಿದ್ದರು, ಆ ಸೆಕೆಗೆ. ಅವಳಿಗೆ ಪ್ರೈಮ್ ಪ್ರೋಗ್ರಾಮೇ ಬಂತು. ವರ್ಗಮೂಲದ ಸಾಲು ಹಾಕಿ, ಒಂದಕ್ಕೆ ಬೇರೆ ಸಾಲು ಸೇರಿಸಿ ತೋರಿಸಿದಳು. ಅವರು ಮ್ಯಾನ್ಯುಯಲ್ ತೆಗೆದು ಪಕ್ಕದಲ್ಲಿಟ್ಟು ಸಾಲಿಗೆ ಸಾಲು ತಾಳೆ ನೋಡಿ, ಹೊಂದದ ಕಡೆ ಕೆಂಪು ಗೆರೆ ಎಳೆದರು. ನಾನು ಮಾತಾಡಿದೆ. "ಲಾಜಿಕ್ ಕರೆಕ್ಟ್ ಇರ್ಬೋದು ಮೇಡಂ, ಬಟ್ ಇದು ನಮ್ಮ ಪ್ರೋಗ್ರಾಂ ಅಲ್ಲ," ಎಂದರು. ಬರೀ ಬಾಯಿಪಾಠ ಮಾಡಿದ್ದವಳು ಫಸ್ಟ್ ಕ್ಲಾಸ್, ಇವಳು ಸೆಕೆಂಡ್ ಕ್ಲಾಸ್. ಮಾಲೀಕರು ನನ್ನನ್ನು ಕರೆದು, ಮುಂದಿನ ಬ್ಯಾಚಿಗೆ ಪುಸ್ತಕದಲ್ಲಿ ಇದ್ದಂತೆ ಹೇಳಿಕೊಡಿ ಎಂದರು. ಅಲ್ಲಿಂದ ಮುಂದೆ ಎರಡು ಪ್ರೋಗ್ರಾಂ ಹೇಳಿಕೊಡುತ್ತಿದ್ದೆ: ಒಂದು ಪರೀಕ್ಷೆಗೆ, ಇನ್ನೊಂದು ಕಂಪ್ಯೂಟರಿಗೆ.

ಆ ಸರ್ಟಿಫಿಕೇಟಿನ ಬೆಲೆಯನ್ನೂ ಹೇಳಬೇಕು. ಫ್ರೇಮ್ ಹಾಕಿಸಿಕೊಳ್ಳಲು ಲಾಯಕ್ಕಾಗಿತ್ತು. ಸಾಲ ಮಾಡಿ, ಓಲೆ ಅಡವಿಟ್ಟು ಫೀಸು ಕಟ್ಟಿದವರಲ್ಲಿ ಅದರ ಬಲದಿಂದ 'ಕಂಪ್ಯೂಟರ್ ಕೆಲಸ' ಸಿಕ್ಕವರು ನನಗೆ ಗೊತ್ತಿರುವಂತೆ ಒಬ್ಬರೂ ಇಲ್ಲ. ಬೆಂಗಳೂರಿನವರು ಬೋರ್ಡು ಮಾರಿದರು, ನಮ್ಮ ಮಾಲೀಕರು ಆಸೆ ಮಾರಿದರು, ಅದರಲ್ಲಿ ನನ್ನ ಸಂಬಳವೂ ಬಂತು. ಮಾಲೀಕರು ಕೆಟ್ಟವರಲ್ಲ, ಟೈಪಿಂಗ್ ಕಲಿತರೆ ಕೆಲಸ ಸಿಗುತ್ತಿದ್ದ ಕಾಲದಲ್ಲಿ ಬೆಳೆದವರು, ಇದೂ ಹಾಗೇ ಎಂದು ನಂಬಿದ್ದರು. ನಾನು ಎರಡು ವರ್ಷವಾಗುವಷ್ಟರಲ್ಲಿ ಬೆಂಗಳೂರಿಗೆ ಬಂದೆ. ಆ ಮಹಡಿ ಆಮೇಲೆ ಸೈಬರ್ ಕೆಫೆಯಾಯಿತು, ಈಗ ಮೊಬೈಲ್ ರಿಪೇರಿ ಅಂಗಡಿ.

ಬೆಂಗಳೂರಿನ ಕೆಲಸದಲ್ಲಿ ಗೊತ್ತಾಯಿತು, ವರ್ಗಮೂಲಕ್ಕೆ ನಿಲ್ಲುವುದೂ ಒಂದು ಹಂತದವರೆಗೆ ಮಾತ್ರ ಎಂದು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಸಂದೇಶಗಳನ್ನು ಗುಟ್ಟಾಗಿಡಲು ಕಟ್ಟಿದ ಬೀಗಕ್ಕೆ ಎರಡು ದೊಡ್ಡ ಅವಿಭಾಜ್ಯಗಳು ಬೇಕು, ಇವತ್ತಿನ ಲೆಕ್ಕದಲ್ಲಿ ಒಂದೊಂದೂ ಮುನ್ನೂರು ಅಂಕಿಗಳಷ್ಟು ಉದ್ದ. ಅಂಥದ್ದರ ವರ್ಗಮೂಲವೇ ನೂರೈವತ್ತು ಅಂಕಿ. ಅಲ್ಲಿಯವರೆಗೆ ಭಾಗಿಸುತ್ತಾ ಕೂತರೆ ಸೂರ್ಯ ಆರಿಹೋದರೂ ಮುಗಿಯುವುದಿಲ್ಲ. ಅದಕ್ಕೆ ಮಿಲ್ಲರ್ ಮತ್ತು ರಾಬಿನ್ ಹೆಸರಿನ ಪರೀಕ್ಷೆ ಬಳಸುತ್ತಾರೆ. ಕಣ್ಣು ಮುಚ್ಚಿ ಒಂದು ಸಂಖ್ಯೆ ಆರಿಸಿ ಪ್ರಶ್ನೆ ಹಾಕುವುದು. ಭಾಜ್ಯ ಸಂಖ್ಯೆಯೊಂದು ನಮ್ಮನ್ನು ಏಮಾರಿಸುವ ಸಾಧ್ಯತೆ ಪ್ರತಿ ಸಲಕ್ಕೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. ನಲವತ್ತು ಸಲ ಕೇಳಿದರೆ ಅನುಮಾನ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲವೆನ್ನುವಷ್ಟು, ಅಷ್ಟೇ, ಇಲ್ಲವೇ ಇಲ್ಲ ಎಂದಲ್ಲ.

2002ರ ಆಗಸ್ಟಿನಲ್ಲಿ ಕಾನ್ಪುರದ ಐಐಟಿಯಿಂದ ಸುದ್ದಿ ಬಂತು. ಮಣೀಂದ್ರ ಅಗರವಾಲ್ ಎಂಬ ಪ್ರಾಧ್ಯಾಪಕರು, ಆಗಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸೇರಿ, ಅದೃಷ್ಟಕ್ಕೆ ಬಿಡದೆ, ಖಚಿತವಾಗಿ, ಅಂಕಿಗಳು ಹೆಚ್ಚಿದರೂ ಕೈಮೀರದ ಹೊತ್ತಿನಲ್ಲಿ ಅವಿಭಾಜ್ಯವನ್ನು ಗುರುತಿಸುವ ವಿಧಾನ ಕಂಡುಹಿಡಿದಿದ್ದರು. ಬಳಕೆಗೆ ಈಗಲೂ ಹಳೆಯ ಪರೀಕ್ಷೆಯೇ ವೇಗ. ಆದರೆ ಶತಮಾನಗಳ ಪ್ರಶ್ನೆಯೊಂದಕ್ಕೆ ಉತ್ತರ ಸಿಕ್ಕಿತ್ತು, ಅದೂ ಕೆಲವೇ ಪುಟಗಳಲ್ಲಿ. ಆ ದಿನಗಳಲ್ಲೇ ಒಂದು ಮದುವೆಗೆಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಆ ಹಳೆಯ ಊರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಎದುರು ಡಿಟಿಪಿ, ಜೆರಾಕ್ಸ್, ಲಗ್ನಪತ್ರಿಕೆ ಎಂದು ಬೋರ್ಡು. ಕೌಂಟರಿನ ಹಿಂದೆ ಅವಳು.

"ಟೈಪಿಂಗ್ ಅನ್ನ ಹಾಕ್ತು ಮೇಡಂ. ನಿಮ್ಮ ಪ್ರೈಮ್ ನಂಬರ್ ಏನೂ ಹಾಕ್ಲಿಲ್ಲ," ಎಂದು ನಕ್ಕಳು. ಚಹಾ ತರಿಸಿದಳು. ಪೇಜ್‌ಮೇಕರ್‌ನಲ್ಲಿ ಯಾರದೋ ಸೋದರಮಾವಂದಿರ ಹೆಸರು ಸೇರಿಸುತ್ತಲೇ ನನ್ನ ಮಾತು ಕೇಳುತ್ತಿದ್ದಳು. ಕಾನ್ಪುರದ ಸುದ್ದಿ ಹೇಳಿದೆ.

"ಎಲ್ಲೀವರೆಗೆ ಹೋಗಿ ನಿಲ್ಲಿಸಿದ್ರಂತೆ?"

"ಭಾಗಿಸುತ್ತಾ ಹೋಗೋದೇ ಇಲ್ವಂತೆ."

ಕೈ ನಿಂತಿತು. ಕೆಟ್ಟುಹೋದ ಪ್ರೂಫ್ ಕಾರ್ಡೊಂದನ್ನು ತಿರುಗಿಸಿ ನನ್ನ ಮುಂದೆ ಹಾಕಿದಳು. ಅವರ ಪೂರ್ತಿ ವಿಧಾನವನ್ನು ಅಲ್ಲಿ ಹೇಳುವುದು ನನ್ನಿಂದಾಗದ ಮಾತು. ಅದು ಮೊಳೆತ ಬೀಜ ಮಾತ್ರ ಸರಳ. ಒಂದರಿಂದ ಶುರು ಮಾಡಿ, ಮೇಲಿನ ಸಾಲಿನ ಅಕ್ಕಪಕ್ಕದ ಎರಡನ್ನು ಕೂಡಿ ಕೆಳಗೆ ಬರೆಯುತ್ತಾ ಹೋಗುವ ಗೋಪುರ. ನಮ್ಮ ಛಂದಸ್ಸಿನವರು ಮೇರು ಪ್ರಸ್ತಾರ ಎನ್ನುತ್ತಿದ್ದರು. ಮೇಲ್ತುದಿಯ ಒಂಟಿ ಒಂದನ್ನು ಸಾಲೆಂದು ಎಣಿಸದಿದ್ದರೆ, ಏಳನೇ ಸಾಲಿನಲ್ಲಿ ಎರಡು ತುದಿಯ ಒಂದು ಬಿಟ್ಟು 7, 21, 35, 35, 21, 7. ಎಲ್ಲವೂ ಏಳರಲ್ಲಿ ಹೋಗುತ್ತವೆ. ಅವಿಭಾಜ್ಯವಾದರೆ ಯಾವಾಗಲೂ ಹೀಗೇ. ಆರನೇ ಸಾಲಿನಲ್ಲಿ 6, 15, 20. ಹದಿನೈದು ಆರರಲ್ಲಿ ಹೋಗುವುದಿಲ್ಲ.

ಅವಳು ಪೆನ್ನು ಕಿತ್ತುಕೊಂಡಳು. ಎಂಟನೇ ಸಾಲು ಬರೆದಳು: 8, 28. "ಎರಡನೇದರಲ್ಲೇ ಸಿಕ್ಕಿಬಿತ್ತು." ಒಂಬತ್ತು: 9, 36, 84. "ಮೂವತ್ತಾರು ಹೋಯ್ತು. ಎಂಬತ್ನಾಲ್ಕು ಹೋಗಲ್ಲ. ಮೂರನೇದು." ಕೌಂಟರಿಗೆ ಯಾರೋ ಬಂದು ಐನೂರು ಕಾರ್ಡಿನ ರೇಟು ಕೇಳಿದರು. "ಒಂದ್ನಿಮಿಷ ಅಣ್ಣ" ಎಂದವಳೇ ನನ್ನ ಕಡೆ ತಿರುಗಿ, "ಎಂಟಕ್ಕೆ ಎರಡು, ಒಂಬತ್ತಕ್ಕೆ ಮೂರು. ಹಾಗಾದ್ರೆ ಇಪ್ಪತ್ತೈದಕ್ಕೆ ಐದನೇದಾ?"

ಅಷ್ಟು ಸಾಲು ಕೂಡಿಕೊಂಡು ಹೋಗುವ ಪುರಸೊತ್ತಿರಲಿಲ್ಲ. 25, 24, 23, 22, 21 ಗುಣಿಸಿ 120ರಿಂದ ಭಾಗಿಸು ಎಂದೆ. ಜೆರಾಕ್ಸ್ ಲೆಕ್ಕದ ಕ್ಯಾಲ್ಕುಲೇಟರ್ ಎಳೆದುಕೊಂಡು ಒತ್ತಿದಳು. 53130. ಅದನ್ನು 25ರಿಂದ ಭಾಗಿಸಿದಳು. 2125.2.

"ಪಾಯಿಂಟ್ ಬಂತು," ಎಂದು ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿಟ್ಟು, ರೇಟು ಕೇಳಿದವರಿಗೆ ಕಾರ್ಡಿನ ಆಲ್ಬಂ ತೆಗೆದುಕೊಟ್ಟಳು.